ಬೇಕು, ಆದರೆ ಅಗತ್ಯ ಇಲ್ಲ: ಕಾಫಿ ಊರಲ್ಲಿ ಎಸ್ಪ್ರೆಸ್ಸೋ ಮೆಷಿನ್ ತಗೊಳ್ಳೋದಾ ಬೇಡ್ವಾ?

ಕೈಮರದವನು:

ಎಲ್ಲರಿಗೂ ನಮಸ್ಕಾರ. ಒಂದು ವಿಷಯದಲ್ಲಿ ತಲೆ ಓಡುತ್ತಿಲ್ಲ. ನಿಮ್ಮ ಅಭಿಪ್ರಾಯ ಬೇಕು.

ಎಸ್ಪ್ರೆಸ್ಸೋ ಮೆಷಿನ್ (ಬಿಸಿನೀರನ್ನು ಒತ್ತಡದಲ್ಲಿ ಪುಡಿಯ ಮೂಲಕ ಹಾಯಿಸಿ ಗಟ್ಟಿ ಕಾಫಿ ಇಳಿಸುವ ಯಂತ್ರ) ತಗೊಳ್ಳಬೇಕು ಅನ್ನುವ ಆಸೆ ಹತ್ತಿ ಬಹಳ ಕಾಲವಾಯಿತು. ನೋಡಿಟ್ಟಿರುವ ಮೆಷಿನ್‌ಗೆ ಸುಮಾರು 45,000 ರೂಪಾಯಿ. ಜೊತೆಗೆ ಗ್ರೈಂಡರ್ 20,000. ಒಟ್ಟು 65,000 ಅಂತಿಟ್ಟುಕೊಳ್ಳಿ.

ಅಗತ್ಯ ಇದೆಯಾ ಅಂದ್ರೆ ಖಂಡಿತ ಇಲ್ಲ. ಮನೆಯಲ್ಲಿ ಹಿತ್ತಾಳೆ ಫಿಲ್ಟರ್ ಇದೆ. ಅಮ್ಮ ಬೆಳಿಗ್ಗೆ ಐದೂವರೆಗೇ ಡಿಕಾಕ್ಷನ್ ಇಳಿಸಿರುತ್ತಾರೆ. ಆ ಕಾಫಿಗೆ ಹೆಸರಿಡುವ ಹಾಗಿಲ್ಲ. ಐದು ಎಕರೆ ಕಾಫಿ ತೋಟ ಇದೆ. ಮೇಲಿನ ಪಟ್ಟೆಯಲ್ಲಿ ಅರೇಬಿಕಾ, ಕೆಳಗೆ ರೊಬಸ್ಟಾ. ನಾನು ಚಿಕ್ಕಮಗಳೂರು ಟೌನಲ್ಲಿ ಆಫೀಸ್ ಕೆಲಸ ಮಾಡುತ್ತೇನೆ. ಮನೆ ಸಾಲ ಇನ್ನೂ ನಡೆಯುತ್ತಿದೆ. ಈ ದುಡ್ಡು ಹೋದರೆ ಊಟಕ್ಕೆ ತೊಂದರೆ ಅನ್ನುವ ಪರಿಸ್ಥಿತಿ ಮಾತ್ರ ಅಲ್ಲ.

ಹೆಂಡತಿಯನ್ನು ಕೇಳಿದೆ. "ತಗೊಳ್ಳಿ, ಆದ್ರೆ ನನ್ನ ಅಡುಗೆಮನೆ ಕಟ್ಟೆ ಮೇಲೆ ಬೇಡ" ಅಂದಳು. ಇದು ಒಪ್ಪಿಗೆಯೋ ಅಲ್ಲವೋ ಗೊತ್ತಾಗಲಿಲ್ಲ.

ಇಂಥ ವಸ್ತು ಎದುರಿಗೆ ಬಂದಾಗ ನೀವೆಲ್ಲ ಹೇಗೆ ತೀರ್ಮಾನ ಮಾಡುತ್ತೀರಿ? ಬೇಡ ಅನ್ನುವವರು ದಯವಿಟ್ಟು ಕಾರಣವನ್ನೂ ಕೊಡಿ.

ಮೂಡಿಗೆರೆ ರೈಟರ್:

ತೋಟದ ಮನೆಯಲ್ಲಿ ಕಾಫಿ ಕುಡಿಯೋಕೆ 65,000 ಬೇಕಾ ಮಾರಾಯ್ರೆ? ಫಿಲ್ಟರ್‌ಗೆ ಕರೆಂಟ್ ಬೇಡ, ಸರ್ವಿಸ್ ಬೇಡ, ಮೊಮ್ಮಕ್ಕಳ ತನಕ ಬರುತ್ತದೆ. ಬೇಡ. ಕಾರಣ ಕೊಟ್ಟಾಯಿತು.

ಆಲ್ದೂರಣ್ಣ:

ರೈಟರ್ ಸಾಹೇಬ್ರೆ, ಅಗತ್ಯ ಅಂತ ಹಿಡಿದು ಕೂತರೆ ಕಾಫಿಯೇ ಅಗತ್ಯ ಅಲ್ಲ. ಬಾಬಾ ಬುಡನ್ ಸಾಹೇಬರು ಏಳು ಬೀಜ ತಂದರು ಅಂತ ಕಥೆ ಹೇಳುತ್ತೇವಲ್ಲ, ಆಗ ಈ ಗುಡ್ಡದಲ್ಲಿ ಯಾರು ಕಾಫಿ ಇಲ್ಲದೆ ಸಾಯುತ್ತಿದ್ದರು? ಕಾಫಿ, ಮೆಣಸು, ಏಲಕ್ಕಿ, ಅಡಿಕೆ. ನಾವು ಬೆಳೆಯುವ ಯಾವುದೂ ಯಾರಿಗೂ ಅಗತ್ಯ ಇಲ್ಲ. ಎಲ್ಲೋ ಯಾರಿಗೋ ಆಸೆ ಆಗುತ್ತದೆ, ನಮ್ಮ ಮನೆ ಒಲೆ ಉರಿಯುತ್ತದೆ. ಬೇರೆಯವರ ಆಸೆಯಿಂದ ಬದುಕುವವರು ನಮ್ಮ ಹುಡುಗನ ಆಸೆಗೆ ಮಾತ್ರ ಲೆಕ್ಕ ಕೇಳೋದು ಯಾಕೆ?

ತಗೊಳ್ಳಲಿ ಬಿಡಿ.

ಮೂಡಿಗೆರೆ ರೈಟರ್:

ಅಣ್ಣ, ನೀವು ಹಾಗನ್ನುವುದು 2024ರಲ್ಲಿ ರೊಬಸ್ಟಾ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಮೂಟೆಗೆ ಹತ್ತು ಸಾವಿರ ದಾಟಿತಲ್ಲ, ಆ ಧೈರ್ಯದ ಮೇಲೆ. ಅದಕ್ಕೂ ಮುಂಚೆ ಗೊಬ್ಬರ ಹಾಕೋದಾ ಬೇಡ್ವಾ ಅಂತ ಯೋಚನೆ ಮಾಡುತ್ತಿದ್ದ ವರ್ಷಗಳೂ ಇದ್ದವು. ರೇಟು ಇದ್ದಾಗ ತಂದ ವಸ್ತು ರೇಟು ಬಿದ್ದಾಗ ಹೊಟ್ಟೆ ಉರಿಸುತ್ತದೆ.

ಲೆಕ್ಕದ ಮೇಷ್ಟ್ರು:

ನಾನು ಬೇಕು ಅಂತಲೂ ಅನ್ನುವುದಿಲ್ಲ, ಬೇಡ ಅಂತಲೂ ಅನ್ನುವುದಿಲ್ಲ. ಲೆಕ್ಕ ಮಾತ್ರ ಹೇಳುತ್ತೇನೆ.

ಇಂಥ ಮೆಷಿನ್ ತಗೊಳ್ಳುವವರೆಲ್ಲ ಮನಸ್ಸಲ್ಲೇ ಒಂದು ಲೆಕ್ಕ ಹಾಕಿರುತ್ತಾರೆ. ಕೆಫೆಯಲ್ಲಿ ಕ್ಯಾಪುಚಿನೋಗೆ 150 ರೂಪಾಯಿ. ಮನೆಯಲ್ಲಿ ದಿನಕ್ಕೆ ಎರಡು ಕುಡಿದರೆ 300 ಉಳಿಯಿತು. ಏಳು ತಿಂಗಳಲ್ಲಿ ಹಾಕಿದ ದುಡ್ಡು ವಾಪಸ್. ಕೇಳೋಕೆ ಚೆನ್ನಾಗಿದೆ. ಆದರೆ ಈಗ ನೀವು ದಿನಾ ಕೆಫೆಗೆ ಹೋಗಿ 300 ಕೊಟ್ಟು ಬರುತ್ತಿದ್ದೀರಾ? ಇಲ್ಲ ತಾನೆ? ಖರ್ಚೇ ಆಗದ ದುಡ್ಡು ಉಳಿಯೋದು ಎಲ್ಲಿಂದ? ನೀವು ಹೋಲಿಸಬೇಕಾದ್ದು ಅಮ್ಮನ ಫಿಲ್ಟರ್ ಜೊತೆ. ಅದರ ಎದುರು ಮೆಷಿನ್ ಯಾವತ್ತೂ ಲಾಭಕ್ಕೆ ಬರುವುದಿಲ್ಲ. ಇದು ಖರ್ಚು ಅಂತ ಒಪ್ಪಿಕೊಂಡೇ ಮುಂದೆ ಹೋಗಿ.

ಸರಿ, ಎಷ್ಟು ಖರ್ಚು? ದಿನಕ್ಕೆ ಎರಡು ಶಾಟ್ (ಮೆಷಿನ್ ಒಂದು ಸಲಕ್ಕೆ ಇಳಿಸುವ ಎಸ್ಪ್ರೆಸ್ಸೋ), ಐದು ವರ್ಷ. ಒಟ್ಟು 3,650 ಶಾಟ್. 65,000ವನ್ನು ಭಾಗಿಸಿದರೆ ಒಂದು ಶಾಟ್‌ಗೆ ಸುಮಾರು 18 ರೂಪಾಯಿ. ಇದು ಬರೀ ಯಂತ್ರದ್ದು. ಬೀಜ, ಹಾಲು, ಕರೆಂಟು ಬೇರೆ. ದಿನಕ್ಕೆ 36 ರೂಪಾಯಿ ಒಂದು ಖುಷಿಗೆ ಕೊಡಬಹುದಾ? ನಾನಾದರೆ ಕೊಡುತ್ತೇನೆ.

ಈಗ ಇನ್ನೊಂದು ಲೆಕ್ಕ. ಹೊಸತರ ಉತ್ಸಾಹ ಇಳಿದು ವಾರಕ್ಕೆ ಎರಡೇ ಶಾಟ್ ಆಯಿತು ಅನ್ನಿ. ಐದು ವರ್ಷಕ್ಕೆ 520. ಒಂದಕ್ಕೆ 125 ರೂಪಾಯಿ. ಅದರ ಬದಲು ಕೆಫೆಗೇ ಹೋಗಿ ಬನ್ನಿ. ಅಲ್ಲಿ ತೊಳೆಯುವ ಕೆಲಸವೂ ಇರುವುದಿಲ್ಲ. ಯಂತ್ರ ಅದೇ, ಬೆಲೆ ಅದೇ. ಬದಲಾಗಿದ್ದು ನಿಮ್ಮ ಬಳಕೆ ಮಾತ್ರ. ಹಾಗಾಗಿ 65,000 ಜಾಸ್ತಿಯಾ ಕಡಿಮೆಯಾ ಅಂತ ತಲೆ ಕೆಡಿಸಿಕೊಳ್ಳಬೇಡಿ. ಮೂರನೇ ವರ್ಷದ ಒಂದು ಮಂಗಳವಾರ ಬೆಳಿಗ್ಗೆ, ಆಫೀಸಿಗೆ ಲೇಟಾಗಿರುವಾಗ, ಅದನ್ನು ಆನ್ ಮಾಡುತ್ತೀರಾ? ಅದನ್ನು ಕೇಳಿಕೊಳ್ಳಿ.

ಮನೆ ಸಾಲ ಇದೆ ಅಂದಿರಿ. ಎಂಟೂವರೆ ಪರ್ಸೆಂಟ್ ಬಡ್ಡಿ ಅಂತಿಟ್ಟುಕೊಂಡರೆ 65,000ಕ್ಕೆ ವರ್ಷಕ್ಕೆ 5,500 ಬಡ್ಡಿ. ಇದೇ ದುಡ್ಡನ್ನು ಸಾಲಕ್ಕೆ ಕಟ್ಟಿದರೆ ಅಷ್ಟು ಉಳಿಯುತ್ತದೆ. ಇದು ನಿಜವಾದ ಉಳಿತಾಯ.

ಅರಸೀಕೆರೆ ಬಿಸಿಲು:

ಮೇಷ್ಟ್ರೇ, ನೋ ಕಾಸ್ಟ್ ಇಎಂಐ ಇರುತ್ತಲ್ಲ? ಆರು ತಿಂಗಳಿಗೆ ಹಂಚಿಕೊಂಡರೆ ಭಾರ ಗೊತ್ತಾಗುವುದಿಲ್ಲ.

ಲೆಕ್ಕದ ಮೇಷ್ಟ್ರು:

ಭಾರ ಗೊತ್ತಾಗಬೇಕು, ಅದಕ್ಕೇ ಹೇಳುತ್ತಿರೋದು. ಬಡ್ಡಿ ಇಲ್ಲದ ಸಾಲ ಅನ್ನುವುದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಈಗ ನಡೆಯುವುದು ಹೀಗೆ. ಬ್ಯಾಂಕ್ ಬಡ್ಡಿ ಹಾಕುತ್ತದೆ. ಮಾರುವವನು ಆ ಬಡ್ಡಿಯಷ್ಟು ಮೊದಲೇ ಡಿಸ್ಕೌಂಟ್ ಕೊಟ್ಟಂತೆ ತೋರಿಸುತ್ತಾನೆ. ಬಡ್ಡಿ ಮೇಲಿನ 18 ಪರ್ಸೆಂಟ್ ಜಿಎಸ್‌ಟಿ ಮಾತ್ರ ನಿಮ್ಮ ತಲೆ ಮೇಲೆ. ಪ್ರೊಸೆಸಿಂಗ್ ಫೀಸು ಇದ್ದರೆ ಅದೂ. 45,000ದ ವಸ್ತುವಿಗೆ ಆರು ತಿಂಗಳು, 15 ಪರ್ಸೆಂಟ್ ಬಡ್ಡಿ ಅಂದ್ರೆ ಜಿಎಸ್‌ಟಿ 350 ರೂಪಾಯಿ ಆಸುಪಾಸು. ದೊಡ್ಡ ಮೊತ್ತ ಅಲ್ಲ, ಒಪ್ಪುತ್ತೇನೆ.

ದೊಡ್ಡ ನಷ್ಟ ಬೇರೆ ಕಡೆ. ತಿಂಗಳಿಗೆ 7,500 ಅಂತ ಕಂಡಾಗ 45,000ದ ಮಾಡೆಲ್ ಬಿಟ್ಟು 60,000ದ್ದಕ್ಕೆ ಕೈ ಹೋಗುತ್ತದೆ. ತಿಂಗಳಿಗೆ ಎರಡೂವರೆ ಸಾವಿರ ತಾನೇ ಜಾಸ್ತಿ, ಅಂತ. ಆಸೆಯ ವಸ್ತುವನ್ನು ಕೈಯಲ್ಲಿರುವ ದುಡ್ಡಲ್ಲಿ ತಗೊಳ್ಳಿ. ಇಲ್ಲದಿದ್ದರೆ ತಗೊಳ್ಳಬೇಡಿ.

ಕಳಸದ ಕತ್ತಲೆ:

ಜೂನ್ ಬಂತು ಅಂದ್ರೆ ನಮ್ಮ ಕಡೆ ಮರ ಬೀಳುತ್ತದೆ, ಲೈನ್ ಹೋಗುತ್ತದೆ. ಮೆಸ್ಕಾಂನವರು ಪಾಪ ಆ ಮಳೆಯಲ್ಲೇ ಕಂಬ ಹತ್ತುತ್ತಾರೆ. ನಿಮ್ಮ ಮೆಷಿನ್ 1,300ರಿಂದ 1,500 ವ್ಯಾಟ್ ಎಳೆಯುತ್ತದೆ. ಮನೆ ಯುಪಿಎಸ್ಸು 800 ಅಥವಾ 1,000 ವಿಎ ಇರುತ್ತದೆ. ಅದರ ಮೇಲೆ ಹಾಕಿದರೆ ಕೀ ಅಂತ ಕೂಗಿ ಮಲಗುತ್ತದೆ. ಒಳ್ಳೆ ಮಳೆಯಲ್ಲಿ ಬಿಸಿ ಕಾಫಿ ಬೇಕು ಅನ್ನಿಸಿದ ಹೊತ್ತಿಗೇ ಅದು ಶೋಕೇಸ್ ಪೀಸ್.

ಕೈಯಲ್ಲಿ ಒತ್ತುವ ಲಿವರ್ ಮೆಷಿನ್ ಬರುತ್ತದೆ, ಅದನ್ನು ನೋಡಿ. ಬಿಸಿನೀರು ಒಲೆ ಮೇಲೆ ಕಾಯಿಸಿ ಹಾಕಿದರೆ ಆಯಿತು. ಹಳೇ ಕಾಲದ್ದು ಅಂತ ಮೂಗು ಮುರಿಯಬೇಡಿ. ಎಸ್ಪ್ರೆಸ್ಸೋ ಮೇಲೆ ಕ್ರೆಮಾ ಅಂತ ಹೊಂಬಣ್ಣದ ನೊರೆ ಬರುತ್ತಲ್ಲ, ಅದು ಶುರುವಾಗಿದ್ದೇ ಲಿವರ್‌ನಿಂದ. ಮಿಲಾನ್‌ನ ಅಕಿಲ್ಲೆ ಗಾಜ್ಜಾ 1940ರ ದಶಕದ ಕೊನೆಯಲ್ಲಿ ಸ್ಪ್ರಿಂಗ್ ಲಿವರ್ ಮೆಷಿನ್ ಮಾಡಿದ ಮೇಲೆ. ಅದಕ್ಕಿಂತ ಮುಂಚಿನವು ಹಬೆ ಒತ್ತಡದಲ್ಲಿ ಓಡುತ್ತಿದ್ದವು.

ಸಕಲೇಶಪುರದ ಬರಿಸ್ತಾ:

ನಾನು ಬೆಂಗಳೂರಲ್ಲಿ ಕೆಫೆ ಕೆಲಸ ಮಾಡಿದವನು, ಈಗ ಊರಲ್ಲಿದ್ದೇನೆ. ಕೊಳ್ಳುವ ಮುಂಚೆ ಇದು ಏನು ಕೇಳುತ್ತದೆ ಅಂತ ಗೊತ್ತಿರಲಿ.

18 ಗ್ರಾಂ ನುಣ್ಣನೆ ಪುಡಿ. 90ರಿಂದ 96 ಡಿಗ್ರಿ ನೀರು. 9 ಬಾರ್ ಒತ್ತಡ (ಬಾರ್ ಅಂದ್ರೆ ಒತ್ತಡದ ಅಳತೆ). 25ರಿಂದ 30 ಸೆಕೆಂಡಿನಲ್ಲಿ 36 ಗ್ರಾಂ ಕಾಫಿ ಇಳಿಯಬೇಕು. ಎಲ್ಲರೂ ಶುರು ಮಾಡುವ ಅಳತೆ ಇದು. ಪುಡಿ ಸ್ವಲ್ಪ ದಪ್ಪ ಆದರೆ ಹತ್ತು ಸೆಕೆಂಡಿಗೇ ಸುರಿದು ಹೋಗುತ್ತದೆ, ಹುಳಿ ಹುಳಿ. ಸ್ವಲ್ಪ ನುಣುಪು ಜಾಸ್ತಿ ಆದರೆ ತೊಟ್ಟಿಕ್ಕುತ್ತಾ ಕಹಿಯಾಗುತ್ತದೆ. ಇವತ್ತು ಸರಿ ಬಂದ ಅಳತೆ ಬೀಜ ಹಳತಾದ ಹಾಗೆ ಬದಲಾಗುತ್ತದೆ. ಮಳೆಗಾಲದ ತೇವಕ್ಕೂ ಬದಲಾಗುತ್ತದೆ. ಪ್ರತಿ ಹೊಸ ಪ್ಯಾಕೆಟ್‌ಗೆ ಎರಡು ಮೂರು ಶಾಟ್ ಸಿಂಕಿಗೆ ಹೋಗುತ್ತದೆ. ಈ ತಿದ್ದಾಟ ಇಷ್ಟ ಇರುವವರಿಗೆ ಇದಕ್ಕಿಂತ ಮಜಾ ಇನ್ನೊಂದಿಲ್ಲ. ಬರೀ ಕಾಫಿ ಕುಡಿಯಬೇಕು ಅನ್ನುವವರಿಗೆ ಇದು ಕಿರಿಕಿರಿ.

ಬಾಕ್ಸ್ ಮೇಲೆ 15 ಬಾರ್, 20 ಬಾರ್ ಅಂತ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಅದು ಪಂಪ್ ಕೊಡಬಲ್ಲ ಗರಿಷ್ಠ ಒತ್ತಡ. ಕಾಫಿಗೆ ಬೇಕಿರುವುದು 9. ಆ ನಂಬರಿಗೆ ದುಡ್ಡು ಕೊಡಬೇಡಿ.

ಗ್ರೈಂಡರ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಮಿಕ್ಸಿಯಲ್ಲಿ ಮಾಡಿದ ಪುಡಿ ನಡೆಯುವುದಿಲ್ಲ. ಒಂದು ಕಣ ದಪ್ಪ, ಒಂದು ಕಣ ಹಿಟ್ಟು. ಅಂಗಡಿಯ ಚಿಕೋರಿ ಹಾಕಿದ ಫಿಲ್ಟರ್ ಪುಡಿಯೂ ಬೇಡ. ಚಿಕೋರಿ ನೀರು ಹಿಡಿದು ಅಂಟಾಗಿ ನೀರು ಇಳಿಯೋದೇ ಕಷ್ಟ. ಒಳ್ಳೆ ಗ್ರೈಂಡರ್, ಸಾಧಾರಣ ಮೆಷಿನ್ ಇದ್ದರೆ ಕುಡಿಯುವಂಥ ಕಾಫಿ ಬರುತ್ತದೆ. ಉಲ್ಟಾ ಆದರೆ ಬರುವುದಿಲ್ಲ.

ನಿಮ್ಮ 65,000ದಲ್ಲಿ ಇವು ಸೇರಿವೆಯಾ ನೋಡಿ: 0.1 ಗ್ರಾಂ ತೋರಿಸುವ ತಕ್ಕಡಿ, ಪುಡಿ ಒತ್ತಿ ಕೂರಿಸುವ ಒಳ್ಳೆ ಟ್ಯಾಂಪರ್, ಹಾಲು ನೊರೆ ಬರಿಸುವ ಜಗ್, ಗಸಿ ಕುಟ್ಟಿ ಹಾಕುವ ಡಬ್ಬ, ತೊಳೆಯುವ ಪುಡಿ, ಸ್ಟೆಬಿಲೈಸರ್. ಒಂದೊಂದೂ ಚಿಕ್ಕದು. ಸೇರಿಸಿದರೆ ಐದಾರು ಸಾವಿರ ಸುಮ್ನೆ ದಾಟುತ್ತದೆ. ಆಮೇಲೆ ರಿಪೇರಿ. ರಬ್ಬರ್ ಗ್ಯಾಸ್ಕೆಟ್ ನೀವೇ ಬದಲಿಸಬಹುದು. ವಾಲ್ವ್, ಪಂಪ್ ಕೆಟ್ಟರೆ ಬೆಂಗಳೂರಿಗೇ ಕಳಿಸಬೇಕು. ಬಸ್ಸಿನ ಕಾರ್ಗೋದಲ್ಲಿ ಹಾಕಬಹುದು, ಆದರೆ ಥರ್ಮಾಕೋಲ್ ಸಮೇತ ಹಳೆ ಬಾಕ್ಸ್ ಎಸೆಯದೆ ಇಟ್ಟುಕೊಂಡಿರಬೇಕು.

ಅರಸೀಕೆರೆ ಬಿಸಿಲು:

ನೀರಿನ ವಿಷಯ ಬಿಟ್ಟಿರಿ. ನಮ್ಮ ಕಡೆ ಬೋರ್ ನೀರು ಗಡಸು. ಸ್ನಾನದ ಗೀಸರ್ ಕಾಯಿಲ್ ಮೇಲೇ ಸುಣ್ಣ ಕಟ್ಟುತ್ತದೆ. ಬಾಯ್ಲರ್ ಇರುವ ಯಾವ ಮೆಷಿನ್ನೂ ಇಲ್ಲಿ ಸುಖವಾಗಿರುವುದಿಲ್ಲ.

ಸಕಲೇಶಪುರದ ಬರಿಸ್ತಾ:

ಹೌದು, ಬಯಲು ಸೀಮೆಯವರು ಫಿಲ್ಟರ್ ನೀರು ಹಾಕಿ, ಆಗಾಗ ಸಿಟ್ರಿಕ್ ಆಸಿಡ್‌ನಲ್ಲಿ ತೊಳೆಯಬೇಕು. ಕೈಮರದ ಕಡೆ ಗುಡ್ಡದ ನೀರು ಮೆದು. ಅವರಿಗೆ ಆ ತಲೆನೋವು ಕಡಿಮೆ.

ಹಾಸನದ ಅಕ್ಕ:

ತಮ್ಮಾ, ಎಲ್ಲರೂ ಮೆಷಿನ್ ಬಗ್ಗೆಯೇ ಮಾತಾಡುತ್ತಿದ್ದಾರೆ. ಮನೆ ಬಗ್ಗೆ ಯಾರೂ ಕೇಳಲಿಲ್ಲ.

ನಿಮ್ಮ ಹೆಂಡತಿ ಹೇಳಿದ್ದು ಸ್ಪಷ್ಟವಾಗಿಯೇ ಇದೆ. ತಗೊಳ್ಳಿ ಅಂದಿದ್ದಾಳೆ, ಷರತ್ತನ್ನೂ ಹೇಳಿದ್ದಾಳೆ. ಕಟ್ಟೆ ಮೇಲೆ ಬೇಡ ಅಂದರೆ ಅದರ ಹಿಂದೆ ಕೆಲಸ ಇದೆ ಅಂತ ಅವಳಿಗೆ ಗೊತ್ತು. ಹಾಲಿನ ನಳಿಗೆ ಒರೆಸೋದು, ಚೆಲ್ಲಿದ ಪುಡಿ ಗುಡಿಸೋದು, ಗಸಿ ನೀರಿನ ಟ್ರೇ ಚೆಲ್ಲೋದು. ನೀವು ಒಂಬತ್ತಕ್ಕೆ ಆಫೀಸಿಗೆ ಹೊರಟ ಮೇಲೆ ಅದನ್ನೆಲ್ಲ ಯಾರು ಮಾಡುತ್ತಾರೆ? ಅದಕ್ಕೆ ಬೇರೆ ಮೇಜು, ಬೇರೆ ಪ್ಲಗ್ಗು, ತೊಳೆಯುವ ಕೆಲಸ ನಿಮ್ಮದೇ ಅಂತ ಬರೆದುಕೊಡಿ. ಆಮೇಲೆ ಕೇಳಿ, ಖುಷಿಯಿಂದ ಹೂಂ ಅನ್ನುತ್ತಾಳೆ.

ಇನ್ನೊಂದು. ತೋಟದ ಮನೆಗೆ ಜನ ಬರುತ್ತಾರೆ. ಒಂದು ಫಿಲ್ಟರ್ ಡಿಕಾಕ್ಷನ್ ಇದ್ದರೆ ಎಂಟು ಲೋಟ ಒಟ್ಟಿಗೆ ಆಗುತ್ತದೆ. ನಿಮ್ಮ ಮೆಷಿನ್‌ನಲ್ಲಿ ಒಂದೊಂದೇ ಅಲ್ವಾ?

ಕೊನೆಗೆ ಒಂದು ಪ್ರಶ್ನೆ, ತಪ್ಪು ತಿಳಿಯಬೇಡಿ. ನಿಮ್ಮ ಮನೆಯಲ್ಲಿ "ಬೇಕು, ಆದರೆ ಅಗತ್ಯ ಇಲ್ಲ" ಅನ್ನುವ ಪಟ್ಟಿ ನಿಮ್ಮೊಬ್ಬರಿಗೇ ಇದೆಯಾ? ಅವಳ ಪಟ್ಟಿಯಲ್ಲಿ ಏನಿದೆ ಅಂತ ಕೇಳಿದ್ದೀರಾ?

ಸಕಲೇಶಪುರದ ಬರಿಸ್ತಾ:

ಅಕ್ಕ ಹೇಳಿದ್ದು ನಿಜ. ಆ ಬೆಲೆಯ ಮೆಷಿನ್‌ಗಳಲ್ಲಿ ಸಾಮಾನ್ಯವಾಗಿ ಒಂದೇ ಬಾಯ್ಲರ್. ಮೊದಲು ಶಾಟ್, ಆಮೇಲೆ ಬಿಸಿ ಏರಿಸಿ ಹಾಲಿಗೆ ಹಬೆ, ಮತ್ತೆ ಬಿಸಿ ಇಳಿಸಿ ಮುಂದಿನ ಶಾಟ್. ಆರು ಜನ ನೆಂಟರಿಗೆ ಕ್ಯಾಪುಚಿನೋ ಅಂದ್ರೆ ಅರ್ಧ ಗಂಟೆ. ಮೊದಲನೆಯವರ ಕಪ್ ತಣ್ಣಗಾಗಿರುತ್ತದೆ. ನೆಂಟರಿಗೆ ಫಿಲ್ಟರೇ ಸರಿ.

ಕೊಪ್ಪದ ಹೊಸಬ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಹಿತ್ತಾಳೆ ಫಿಲ್ಟರ್ ಒಳಗೆ ಕಲಾಯಿ ಮಾಡಿಸಬೇಕಾ?

ಮೂಡಿಗೆರೆ ರೈಟರ್:

ಕಲಾಯಿ ಬೇಕು. ಕಾಫಿಯಲ್ಲಿ ಹುಳಿ ಅಂಶ ಇರುತ್ತದೆ. ನೋಡಿ, ಇದಕ್ಕೆ ಒಂದೇ ಸಾಲಿನ ಉತ್ತರ. ಫಿಲ್ಟರ್ ಅಂದ್ರೆ ಇಷ್ಟೇ.

ಕೈಮರದವನು:

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ.

ಮೇಷ್ಟ್ರೇ, ಕೆಫೆ ಲೆಕ್ಕವನ್ನು ನಾನೂ ಹಾಕಿದ್ದೆ, ಎಕ್ಸೆಲ್‌ನಲ್ಲಿ. ಅದನ್ನು ಅಳಿಸಿದ್ದೇನೆ.

ಇಷ್ಟೆಲ್ಲ ಓದಿದ ಮೇಲೆ ಯಾಕೆ ಬೇಕು ಅಂತ ನಿಜವಾಗಿ ಯೋಚಿಸಿದೆ. ಅಪ್ಪ ಪ್ರತಿ ವರ್ಷ ಚೆರ್ರಿ ಒಣಗಿಸಿ ಮೂಟೆ ಕಟ್ಟಿ ಕೊಡುತ್ತಾರೆ. ವ್ಯಾಪಾರಿ ಒಂದು ಹಿಡಿ ತೆಗೆದು ಔಟ್‌ಟರ್ನ್ ನೋಡುತ್ತಾನೆ. 50 ಕೆಜಿ ಒಣ ಚೆರ್ರಿಗೆ ಬೀಜ 26 ಕೆಜಿ ಬರುತ್ತೋ 27 ಬರುತ್ತೋ ಅಂತ. ಲಾರಿ ಹೋಯಿತು, ಕಥೆ ಮುಗಿಯಿತು. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಅಲ್ಲಿಯ ಎಸ್ಪ್ರೆಸ್ಸೋ ಬ್ಲೆಂಡ್‌ಗಳಿಗೆ ನಮ್ಮ ಕಡೆಯ ರೊಬಸ್ಟಾ ಸೇರಿಸುತ್ತಾರೆ. ಕ್ರೆಮಾ ದಪ್ಪ ಬರಲಿ ಅಂತ. ಅಂದರೆ ನಮ್ಮ ತೋಟದ ಬೀಜ ಯಾವ ರೂಪದಲ್ಲಿ ಕುಡಿಯಲ್ಪಡುತ್ತದೋ ಆ ರೂಪದಲ್ಲಿ ನಮ್ಮ ಮನೆಯ ಯಾರೂ ಒಂದು ಗುಟುಕೂ ಕುಡಿದಿಲ್ಲ. ಅಪ್ಪನಿಗೆ ಅದನ್ನು ಒಮ್ಮೆ ಕುಡಿಸಬೇಕು ಅಂತ ನನಗಿದೆ. ಫಿಲ್ಟರ್‌ಗೂ ನಾವು ಅಂಗಡಿ ಪುಡಿಯೇ ತರೋದು. ತೋಟದವರ ಮನೆ ಅಂದುಕೊಂಡು ನಗಬೇಡಿ.

ಸಕಲೇಶಪುರದ ಬರಿಸ್ತಾ:

ಇದನ್ನು ಮೊದಲೇ ಹೇಳಬಾರದಿತ್ತಾ! ಇದಕ್ಕೆ 65,000 ಬೇಕಾಗಿಲ್ಲ. ನಿಮ್ಮ ಬೀಜ ಒಂದು ಕೆಜಿ ತಯಾರು ಮಾಡಿ. ಪುಡಿ ಅಂಗಡಿಯಲ್ಲೋ ಯಾವುದಾದರೂ ಚಿಕ್ಕ ರೋಸ್ಟರ್ ಹತ್ತಿರವೋ ಹುರಿಸಿ. ಮಧ್ಯಮ ಹದ ಸಾಕು, ಎಣ್ಣೆ ಬಿಡುವಷ್ಟು ಕಪ್ಪು ಬೇಡ. ಹುರಿದರೆ ತೂಕ 15ರಿಂದ 20 ಪರ್ಸೆಂಟ್ ಇಳಿಯುತ್ತದೆ, ಮೋಸ ಮಾಡಿದರು ಅಂತ ಜಗಳ ಆಡಬೇಡಿ. ಒಂದು ವಾರ ಬಿಡಿ. ಹೊಸದಾಗಿ ಹುರಿದ ಬೀಜದಿಂದ ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತಿರುತ್ತದೆ, ತಕ್ಷಣ ಹಾಕಿದರೆ ಶಾಟ್ ಬರೀ ನೊರೆ.

ಆಮೇಲೆ ಅಪ್ಪನನ್ನು ಕರೆದುಕೊಂಡು ಟೌನಲ್ಲಿ ಗೊತ್ತಿರುವ ಕೆಫೆಗೆ ಹೋಗಿ. ಮಧ್ಯಾಹ್ನ ಮೂರರ ಹೊತ್ತಿಗೆ, ಜನ ಇಲ್ಲದಾಗ. ಇದು ನಮ್ಮ ತೋಟದ್ದು, ಎರಡು ಶಾಟ್ ತೆಗೆದುಕೊಡಿ, ದುಡ್ಡು ಕೊಡುತ್ತೇವೆ ಅನ್ನಿ. ಈ ಕೆಲಸ ಗೊತ್ತಿರುವ ಯಾವ ಹುಡುಗನೂ ಇಲ್ಲ ಅನ್ನುವುದಿಲ್ಲ. ನಾನಂತೂ ಅನ್ನುತ್ತಿರಲಿಲ್ಲ. ಬೆಳೆದವರೇ ಬೀಜ ಹಿಡಿದು ಬಂದರೆ ನಮಗೂ ಕುತೂಹಲ.

ಲೆಕ್ಕದ ಮೇಷ್ಟ್ರು:

ಒಟ್ಟು ಖರ್ಚು ಸಾವಿರದೊಳಗೆ. 65,000ದ ಪ್ರಶ್ನೆಗೆ ಸಾವಿರದ ಉತ್ತರ.

ಆಲ್ದೂರಣ್ಣ:

ಮೇಷ್ಟ್ರೇ, ನೀವು ಬೇಗ ಖುಷಿಪಡಬೇಡಿ. ಅಪ್ಪನಿಗೆ ಕುಡಿಸುವ ಆಸೆ ಒಂದು. ಆ ಹೊಳೆಯುವ ಮೆಷಿನ್ ಮನೆಯಲ್ಲಿ ಇರಬೇಕು, ತಾನೇ ಹಿಡಿ ತಿರುಗಿಸಬೇಕು ಅನ್ನುವ ಆಸೆ ಇನ್ನೊಂದು. ಒಂದನ್ನು ತೀರಿಸಿದರೆ ಇನ್ನೊಂದು ಎಲ್ಲಿಗೆ ಹೋಗುತ್ತದೆ? ನಾನು ಜೀಪ್ ಇಟ್ಟುಕೊಂಡಿದ್ದೇನೆ. ತೋಟಕ್ಕೆ ಪಿಕಪ್ ಸಾಕು. ಜೀಪ್ ಯಾಕೆ ಅಂತ ಕೇಳಿದರೆ ಜೀಪ್ ಇಷ್ಟ ಅಂತಷ್ಟೇ ಹೇಳುತ್ತೇನೆ. ದೊಡ್ಡ ಕಾರಣ ಹುಡುಕೋಕೆ ಹೋಗುವುದಿಲ್ಲ. ಕೈಮರದವರೇ, ನಿಜ ಹೇಳಿ. ಅಪ್ಪ ಕೆಫೆಯಲ್ಲಿ ಕುಡಿದು ಬಂದ ಮೇಲೂ ಮೆಷಿನ್ ಬೇಕು ಅನ್ನಿಸುತ್ತದೆಯೋ ಇಲ್ಲವೋ?

ಕೈಮರದವನು:

ಅನ್ನಿಸುತ್ತದೆ ಅಣ್ಣ. ಸುಳ್ಳು ಹೇಳೋಕೆ ಆಗುವುದಿಲ್ಲ.

ಲೆಕ್ಕದ ಮೇಷ್ಟ್ರು:

ಸರಿ, ಹಾಗಾದರೆ ಅದನ್ನೂ ನೇರವಾಗಿಯೇ ನೋಡೋಣ. ದಿನಾ ರಾತ್ರಿ ಆ ಮೆಷಿನ್‌ನ ವಿಡಿಯೋ ನೋಡುತ್ತೀರಾ?

ಕೈಮರದವನು:

ನೋಡುತ್ತೇನೆ.

ಲೆಕ್ಕದ ಮೇಷ್ಟ್ರು:

ಅದೇ ಕೇಳಬೇಕಿತ್ತು. ಆಸೆಯ ವಸ್ತು ಕೊಳ್ಳುವ ಮುಂಚೆ ಒಂದು ತಿಂಗಳು ಕಾಯಿರಿ, ಆಮೇಲೂ ಬೇಕು ಅನ್ನಿಸಿದರೆ ತಗೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಈ ಸಲಹೆ ಅಷ್ಟು ಹಿಡಿಸುವುದಿಲ್ಲ. ದಿನಾ ವಿಡಿಯೋ ನೋಡುತ್ತಾ, ರೇಟು ಇಳಿಯಿತಾ ಅಂತ ಆ್ಯಪ್ ತೆಗೆದು ನೋಡುತ್ತಾ ಕಾಯುವವರಿಗೆ ಒಂದು ವರ್ಷ ಆದರೂ ಆಸೆ ಇಳಿಯುವುದಿಲ್ಲ. ಒಂದು ವಿಡಿಯೋ ನೋಡಿದರೆ ಅದು ಇನ್ನು ಹತ್ತು ತಂದು ಮುಂದಿಡುತ್ತದೆ. ಆ ಆಸೆ ನಿಮ್ಮದೆಷ್ಟು, ಫೋನಿನದೆಷ್ಟು ಅಂತ ಗೊತ್ತಾಗುವುದು ಹೇಗೆ? ವಿಡಿಯೋ ಬಿಡಿ, ಕಾರ್ಟ್‌ನಿಂದ ತೆಗೆಯಿರಿ, ಆ ಗುಂಪುಗಳನ್ನು ಮ್ಯೂಟ್ ಮಾಡಿ. ಆಗ ಕಾಯಿರಿ. ಬೆಳಿಗ್ಗೆ ಎದ್ದಾಗ ತಾನಾಗಿ ನೆನಪಾದರೆ ಅದು ನಿಮ್ಮದೇ.

ಕಳಸದ ಕತ್ತಲೆ:

ನಮ್ಮಲ್ಲಿ ನೆಟ್‌ವರ್ಕ್ ಇಲ್ಲದ ಕಾರಣ ಈ ಚಿಕಿತ್ಸೆ ಫ್ರೀಯಾಗಿ ಆಗುತ್ತದೆ.

ಹಾಸನದ ಅಕ್ಕ:

ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ ತಮ್ಮಾ.

ಸಕಲೇಶಪುರದ ಬರಿಸ್ತಾ:

ತಗೊಳ್ಳೋದೇ ಆದರೆ ಮೆಟ್ಟಿಲು ಮೆಟ್ಟಿಲಾಗಿ ಹೋಗಿ. ಮೊದಲು ಕೈಯಲ್ಲಿ ತಿರುಗಿಸುವ ಗ್ರೈಂಡರ್. ಎಸ್ಪ್ರೆಸ್ಸೋ ಹದಕ್ಕೆ ಪುಡಿ ಮಾಡುವಂಥದ್ದು ಏಳೆಂಟು ಸಾವಿರದಿಂದ ಸಿಗುತ್ತದೆ. ಜೊತೆಗೆ ಒಂದು ಮೋಕಾ ಪಾಟ್. ಇಟಲಿಯವರು 1933ರಿಂದ ಮನೆಯಲ್ಲಿ ಬಳಸುತ್ತಿರುವ ಪಾತ್ರೆ ಅದು. ಒಲೆ ಮೇಲೆ ಇಟ್ಟರೆ ಆಯಿತು, ಕರೆಂಟ್ ಬೇಡ. ಒತ್ತಡ ಒಂದೂವರೆ, ಎರಡು ಬಾರ್ ಅಷ್ಟೇ, ಕ್ರೆಮಾ ಬರುವುದಿಲ್ಲ. ಆದರೆ ಬೀಜ, ಹುರಿತ, ಪುಡಿಯ ಹದ ಇವುಗಳ ವ್ಯತ್ಯಾಸ ನಾಲಿಗೆಗೆ ಗೊತ್ತಾಗುತ್ತದೆ. ಪ್ರತಿ ಬೆಳಿಗ್ಗೆ ಕೈಯಲ್ಲಿ ಬೀಜ ತಿರುವುವ ತಾಳ್ಮೆ ಉಳಿದರೆ ಮೆಷಿನ್ನೂ ಬಳಸುತ್ತೀರಿ. ಉಳಿಯದಿದ್ದರೆ ಗ್ರೈಂಡರ್ ಫಿಲ್ಟರ್ ಪುಡಿಗೆ ಆಗುತ್ತದೆ. ದುಡ್ಡು ದಂಡ ಅಲ್ಲ.

ಮೆಷಿನ್ ಸೆಕೆಂಡ್ ಹ್ಯಾಂಡ್ ನೋಡಿ. ಬೆಂಗಳೂರಲ್ಲಿ ವರ್ಷ ಬಳಸಿ, ಬೇಸರ ಬಂದು ಮಾರುವವರು ಬಹಳ ಜನ ಇದ್ದಾರೆ. ಕೊಳ್ಳುವ ಮುಂಚೆ ಎದುರಿಗೇ ಒಂದು ಶಾಟ್ ತೆಗೆಸಿ. ಗ್ರೂಪ್ (ಕಾಫಿ ಇಳಿಯುವ ತಲೆ) ಹತ್ತಿರ ನೀರು ಸೋರುತ್ತಾ, ಹಬೆ ಜೋರಾಗಿ ಬರುತ್ತಾ, ಪಂಪ್ ಸದ್ದು ಒಂದೇ ಸಮ ಇದೆಯಾ ನೋಡಿ. ನಾಳೆ ನಿಮಗೂ ಬೇಸರ ಬಂದರೆ ಹೆಚ್ಚು ಕಡಿಮೆ ಅದೇ ಬೆಲೆಗೆ ಹೋಗುತ್ತದೆ.

ಮೂಡಿಗೆರೆ ರೈಟರ್:

ವರ್ಷ ಬಳಸಿ ಬೇಸರ ಬಂದು ಮಾರುವವರು ಬಹಳ ಜನ ಇದ್ದಾರೆ ಅಂತ ನೀವೇ ಹೇಳಿದಿರಿ. ನನ್ನ ವಾದಕ್ಕೆ ಇನ್ನೇನು ಬೇಕು?

ಕೈಮರದವನು:

ಅಕ್ಕ, ಉತ್ತರ ತಡವಾಯಿತು. ನೀವು ಹೇಳಿದ ಹಾಗೆ ಕೇಳಿದೆ.

ಅವಳ ಪಟ್ಟಿ ದೊಡ್ಡದೇ ಇದೆ, ಮೊದಲನೆಯದು ಹಿತ್ತಲಿಗೆ ಶೇಡ್ ನೆಟ್. ಆಂಥೂರಿಯಂ, ಆರ್ಕಿಡ್ ಅಂತ ಅವಳು ಮಾಡಿಟ್ಟುಕೊಂಡ ಗಿಡಗಳು ಈ ಸಲದ ಮಳೆಗೆ ಅರ್ಧ ಕೊಳೆತು ಹೋದವಂತೆ. ಮೇಲೆ ಶೀಟು, ಸುತ್ತ ನೆಟ್ಟು, ಜಿಐ ಪೈಪು ಹಾಕಿಸಿದರೆ ಹದಿನೈದು ಸಾವಿರದೊಳಗೆ ಆಗುತ್ತದೆ ಅಂತ ವೆಲ್ಡಿಂಗ್‌ನವನನ್ನು ಕೇಳಿಯೂ ಇಟ್ಟಿದ್ದಾಳೆ. ನನಗೆ ಹೇಳಿರಲಿಲ್ಲ. "ಅದೇನು ಅರ್ಜೆಂಟ್ ಅಲ್ಲ ಅಂತ ಸುಮ್ಮನಿದ್ದೆ" ಅಂದಳು.

ಹಾಗಾಗಿ ಈಗಿನ ತೀರ್ಮಾನ: ಮೊದಲು ಅವಳ ಶೆಡ್ಡು. ನನಗೆ ಕೈ ಗ್ರೈಂಡರ್, ಮೋಕಾ ಪಾಟ್. ತೋಟದ ಒಣ ಚೆರ್ರಿಯಲ್ಲಿ ಸ್ವಲ್ಪ ತೆಗೆದು ಹುರಿಸಿ ಅಪ್ಪನನ್ನು ಕೆಫೆಗೆ ಕರೆದುಕೊಂಡು ಹೋಗುವುದು. ಮೆಷಿನ್ ಮಾರ್ಚ್ ತನಕ ಇಲ್ಲ. ರೊಬಸ್ಟಾ ಕುಯ್ಲು ಮುಗಿದು ದುಡ್ಡು ಬಂದ ಮೇಲೆ, ಆಗಲೂ ಬೇಕು ಅನ್ನಿಸಿದರೆ, ಸೆಕೆಂಡ್ ಹ್ಯಾಂಡ್. ಅದಕ್ಕೆ ಮೇಜು ಹಾಕುವ ಜಾಗವನ್ನೂ ಅವಳೇ ತೋರಿಸಿದಳು, ಜಗಲಿಯ ಮೂಲೆಯಲ್ಲಿ. ವಿಡಿಯೋ ಬಿಟ್ಟಿದ್ದೇನೆ ಅಂತ ಹೇಳುವುದಿಲ್ಲ, ಕಡಿಮೆ ಮಾಡಿದ್ದೇನೆ.

ಹಾಸನದ ಅಕ್ಕ:

ಸಂತೋಷ. ಶೆಡ್ಡಿನ ಶೀಟು ಗಾಳಿಗೆ ಹಾರದ ಹಾಗೆ ಜೆ ಬೋಲ್ಟ್ ಹಾಕಿಸಿ.

ಆಲ್ದೂರಣ್ಣ:

ಮಾರ್ಚ್‌ನಲ್ಲಿ ತಗೊಳ್ಳುತ್ತಾರೆ, ನೋಡುತ್ತಿರಿ.

ಕೈಮರದವನು:

ನೋಡೋಣ ಅಣ್ಣ. ಅಷ್ಟರಲ್ಲಿ ಒಂದು ಸಹಾಯ. ಎರಡೇ ಕೆಜಿ ಒಣ ಚೆರ್ರಿಯ ಸಿಪ್ಪೆ ಬಿಡಿಸೋದು ಹೇಗೆ? ಮಿಲ್‌ಗೆ ಕೇಳಿದರೆ ಇಷ್ಟು ಕಮ್ಮಿಗೆ ಮೆಷಿನ್ ಸ್ಟಾರ್ಟ್ ಮಾಡೋಲ್ಲ ಅಂದರು.

ಆಲ್ದೂರಣ್ಣ:

ಎರಡು ಕೆಜಿಗೆ ಮಿಲ್ ಯಾಕೆ? ಅಮ್ಮನನ್ನು ಕೇಳಿ, ಒರಳು ಇನ್ನೂ ಇದೆಯಾ ಅಂತ. ಚೆರ್ರಿಯನ್ನು ಮತ್ತೊಂದು ದಿನ ಬಿಸಿಲಿಗೆ ಹಾಕಿ ಗರಿಗರಿ ಮಾಡಿ. ಕೈಯಲ್ಲಿ ಅಲುಗಿಸಿದರೆ ಒಳಗೆ ಬೀಜದ ಸದ್ದು ಬರಬೇಕು. ಒರಳಿಗೆ ಸ್ವಲ್ಪ ಸ್ವಲ್ಪವೇ ಹಾಕಿ, ಒನಕೆ ಎತ್ತರಕ್ಕೆ ಎತ್ತದೆ ಮೆಲ್ಲಗೆ ಕುಟ್ಟಿ. ಜೋರು ಮಾಡಿದರೆ ಬೀಜ ಒಡೆಯುತ್ತದೆ. ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಿ. ಎರಡು ಕೆಜಿಗೆ ಒಂದು ಕೆಜಿ ಬೀಜ ಸಿಗುತ್ತದೆ.

ಆಮೇಲೆ ಬಿಳಿ ಬಟ್ಟೆ ಮೇಲೆ ಹರಡಿ ಆರಿಸಿ. ಕಪ್ಪಾಗಿರೋದು, ಒಡೆದದ್ದು, ಕಾಯಿಕೊರಕ ತೂತು ಮಾಡಿದ್ದು ಎಲ್ಲ ತೆಗೆಯಿರಿ. ಬೂಷ್ಟು ವಾಸನೆ ಬರುವ ಬೀಜ ನಾಲ್ಕು ಸೇರಿದರೂ ಇಡೀ ಕಪ್ ಕೆಡುತ್ತದೆ. ಈ ಕೆಲಸಕ್ಕೆ ಅಪ್ಪನನ್ನೇ ಕೂರಿಸಿ, ಅವರ ಕಣ್ಣಿಗೆ ಬೇಗ ಕಾಣುತ್ತದೆ. ಅರೇಬಿಕಾ, ರೊಬಸ್ಟಾ ಬೇರೆ ಬೇರೆ ಹುರಿಸಿ. ರೊಬಸ್ಟಾ ಹದಕ್ಕೆ ಬರೋಕೆ ಸ್ವಲ್ಪ ಹೊತ್ತು ಜಾಸ್ತಿ ಬೇಕು. ಒಟ್ಟಿಗೆ ಹಾಕಿದರೆ ಒಂದು ಹಸಿ, ಇನ್ನೊಂದು ಸೀದು.